ನಾಲ್ಕನೆಯ ಕೀಲಿ

ಈ ಲೇಖನದ ಶಿರೋನಾಮೆಯನ್ನು ನೋಡಿ, ಇದೊಂದು ಪತ್ತೇದಾರಿ ಕಥೆಯಿರಬೇಕೆಂದು ಆಸೆಯಿಂದ ಓದತೊಡಗಿದ ಸಹಪಾಠಿ ಮಿತ್ರರಲ್ಲಿ ಮೊದಲಿಗೇ ಕ್ಷಮೆ ಬೇಡುತ್ತೇನೆ. ಇಲ್ಲಿ ಕಳವೂ ಇಲ್ಲ, ಕೊಲೆಯೂ ಇಲ್ಲ, ತಿಜೋರಿಯೂ ಇಲ್ಲ. ನಾನು ಬರೆಯಹೊರಟಿರುವದು ಹಿತ್ತಾಳೆಯ ಒಂದು ವಾದ್ಯದ ವಿಷಯ. ಅದರ ಹೆಸರು ಟ್ಯೂಬಾ. ಮದುವೆಯ ಮೆರವಣಿಗೆಯಲ್ಲಿ ಎಲ್ಲರಿಗಿಂತ ಹಿಂದೆ, ಹೊಟ್ಟೆಯ ಮೇಲೊಂದು ಹಂಡೆಯನ್ನು ಹೊತ್ತವನಂತೆ ಏದುತ್ತ, ‘ಭೋಂ ಭೋಂ’ ಎನ್ನುತ್ತ ನಡೆಯುವ ಮನುಷ್ಯನನ್ನು ತಾವೆಲ್ಲರೂ ನೋಡಿರಬಹುದು. ಆತನ ಕೈಯಲ್ಲಿರುವದೇ ಟ್ಯೂಬಾ. ಕಳೆದ ವರ್ಷದಿಂದ ಆ ಮನುಷ್ಯ ನಾನೇ ಆಗಿದ್ದೇನೆ.

ಇದನ್ನು ಇಷ್ಟು ಬಹಿರಂಗವಾಗಿ ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾದವು. ನಮ್ಮೂರು ನಿಪ್ಪಾಣಿಯ ಹತ್ತಿರದ ಅಕ್ಕೋಳ. ತಂಬಾಕು, ಕಬ್ಬು ಬೆಳೆಯುವ ಸೀಮೆ. ಬಾಯಲ್ಲಿ ಕನ್ನಡ, ಮರಾಠಿ ಎರಡೂ ಓಡಾಡುವ ಊರು. ನಮ್ಮ ಮನೆತನದಲ್ಲಿ ಅಜ್ಜನ ಕಾಲದಿಂದಲೂ ಬ್ಯಾಂಡು ನಡೆದಿದೆ. ಈಗ ನನ್ನ ಕಾಕಾ ಅದರ ಯಜಮಾನ. ಕಾಲೇಜಿಗೆ ಸೇರಿದ ಮೇಲೆ ನಾನು ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ‘ಮನೆಯಲ್ಲಿ ಏನು ಮಾಡುತ್ತಾರೆ?’ ಎಂದು ಕೇಳಿದವರಿಗೆಲ್ಲ ‘ಹೊಲ ಇದೆ’ ಎಂದು ಹೇಳುತ್ತಿದ್ದೆ. ಹೊಲ ಇರುವದು ಸುಳ್ಳಲ್ಲ. ಆದರೆ ಅದರ ಅಗಲವನ್ನು ನಾನು ಹೇಳುತ್ತಿರಲಿಲ್ಲ. ಒಮ್ಮೆ ಸಹಪಾಠಿಯೊಬ್ಬನ ಅಕ್ಕನ ಮದುವೆಗೆ ನಮ್ಮದೇ ಬ್ಯಾಂಡು ಗೊತ್ತಾಯಿತು. ಕೆಂಪು ಕೋಟು ತೊಟ್ಟು ನಿಂತ ನಾನು, ಎದುರಿಗೆ ನಮ್ಮ ತರಗತಿಯ ಅರ್ಧದಷ್ಟು ಹುಡುಗರು ಬರುವದನ್ನು ಕಂಡು, ವಾದ್ಯದ ಬಾಯಿಯ ಹಿಂದೆ ಮುಖವನ್ನು ಮರೆಮಾಡಿಕೊಂಡೆ. ಟ್ಯೂಬಾದ ಉಪಯೋಗಗಳಲ್ಲಿ ಇದೂ ಒಂದೆಂದು ಅಂದು ತಿಳಿಯಿತು.

ಅದಿರಲಿ. ಆಗ ನಮ್ಮಲ್ಲಿದ್ದದ್ದು ಮೂರು ಕೀಲಿಗಳ ಹಳೆಯ ಟ್ಯೂಬಾ. ಪಿಸ್ಟನ್ ಎಂದು ಕರೆಯುವ ಒತ್ತುಗುಂಡಿಗೆ ನಮ್ಮ ಕಡೆ ‘ಕೀಲಿ’ ಎಂದೇ ರೂಢಿ. ಒಂದು ಮದುವೆಯಲ್ಲಿ ನಾವು ಭೈರವಿಯ ಒಂದು ಅಭಂಗವನ್ನು ಬಾರಿಸುತ್ತಿದ್ದೆವು. ಭಜನೆಯ ಮೇಳದಲ್ಲಿ ಹಾಡಿ ಹಣ್ಣಾದ ಹಿರಿಯರೊಬ್ಬರು ಕಾಕಾನನ್ನು ಬದಿಗೆ ಕರೆದು, “ಎಲ್ಲಾ ಛಲೋ ಐತಿ, ಖರೆ ಆ ದೊಡ್ಡ ತುತ್ತೂರಿ ಕೋಮಲ ರಿಷಭಕ್ಕ ಬಂದಾಗೊಮ್ಮೆ ಗ್ವಾಡಿ ಏರತೈತಿ” ಎಂದರು. ಕಾಕಾ ನನ್ನನ್ನು ಬೈದ. ನಾನು ತುಟಿಗಳನ್ನು ಬೈದೆ. ತಪ್ಪು ನಮ್ಮಿಬ್ಬರದೂ ಅಲ್ಲ, ಲೆಕ್ಕದ್ದು ಎಂಬುದು ನಮಗೆ ಆಗ ಗೊತ್ತಿರಲಿಲ್ಲ.

ಕೊನೆಗೆ ಕಾಕಾ ಕೊಲ್ಲಾಪುರದಲ್ಲಿ ವಿಚಾರಿಸಿ, ಒಂದು ಜೋಡಿ ಎತ್ತಿನ ಬೆಲೆ ಕೊಟ್ಟು, ಇಂಗ್ಲಂಡಿನಲ್ಲಿ ತಯಾರಾದ ಬಳಸಿದ ಟ್ಯೂಬಾವೊಂದನ್ನು ತಂದ. ಇದಕ್ಕೆ ‘ಕಾಂಪೆನ್ಸೇಟಿಂಗ್ ಟ್ಯೂಬಾ’ ಎನ್ನುತ್ತಾರೆ. ಕೊರತೆಯನ್ನು ತಾನೇ ತುಂಬಿಕೊಳ್ಳುವ ಟ್ಯೂಬಾ ಎಂದರೆ ಅರ್ಥ ಸರಿಹೋದೀತು. ಮನೆಯಲ್ಲಿ ಇದರ ಸಲುವಾಗಿ ದೊಡ್ಡ ವಾದವೇ ನಡೆಯಿತು. ಬ್ಯಾಂಡಿನ ತರುಣರಲ್ಲಿ ಕೆಲವರು, ಅದೇ ಹಣದಲ್ಲಿ ಡೀಜೆಯ ಪೆಟ್ಟಿಗೆಗಳನ್ನು ಕೊಂಡರೆ ನಾಲ್ಕು ಹೆಚ್ಚು ಸುಪಾರಿ ಬರುತ್ತವೆ ಎಂದರು. ಅವರ ಮಾತು ಲೆಕ್ಕಕ್ಕೆ ತಪ್ಪಾಗಿರಲಿಲ್ಲ. ನಾನು ಟ್ಯೂಬಾದ ಪಕ್ಷ ವಹಿಸಿದೆ. ಆದ್ದರಿಂದ ಆ ವಾದ್ಯವು ಚೆನ್ನಾಗಿ ನುಡಿಯಬೇಕಾದ ಹೊಣೆಯೂ ನನ್ನ ಮೇಲೆಯೇ ಬಂದಿತು.

ಟ್ಯೂಬಾ ಹಳೆಯ ವಾದ್ಯವೇನೂ ಅಲ್ಲ. 1835ರಲ್ಲಿ ಬರ್ಲಿನ್ನಿನಲ್ಲಿ ವೀಪ್ರೆಕ್ಟ್ ಎಂಬ ಬ್ಯಾಂಡಿನ ನಾಯಕನೂ ಮೋರಿಟ್ಸ್ ಎಂಬ ವಾದ್ಯ ತಯಾರಕನೂ ಕೂಡಿ ಇದಕ್ಕೆ ಪೇಟೆಂಟ್ ಪಡೆದರು. ಅದರ ಸ್ವಭಾವ ಬಲು ಸರಳ. ಯಾವ ಕೀಲಿಯನ್ನೂ ಒತ್ತದೆ ತುಟಿಯ ಬಿಗಿಯನ್ನಷ್ಟೇ ಬದಲಿಸುತ್ತ ಊದಿದರೆ ನಮ್ಮ ವಾದ್ಯದಲ್ಲಿ ಷಡ್ಜ, ಅದರ ಮೇಲೆ ಪಂಚಮ, ಬಳಿಕ ಮೇಲಿನ ಷಡ್ಜ, ಆಮೇಲೆ ಗಾಂಧಾರ ಹೀಗೆ ಕ್ರಮವಾಗಿ ಬರುತ್ತವೆ. ಆ ಷಡ್ಜವು ಹಾರ್ಮೋನಿಯಮ್ಮಿನವರು ‘ಕಾಳಿ ಎರಡು’ ಎನ್ನುವ ಪಟ್ಟಿಯದು. ಆ ಗಾಂಧಾರವು ಹಾರ್ಮೋನಿಯಮ್ಮಿನ ಗಾಂಧಾರಕ್ಕಿಂತ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಕೆಳಗಿರುತ್ತದೆ. ತಂಬೂರಿಯನ್ನು ಚೆನ್ನಾಗಿ ಕೂಡಿಸಿದಾಗ ಯಾರೂ ಮೀಟದೆಯೇ ತಂತಿಯೊಳಗಿಂದ ಕೇಳಿಬರುವ ಗಾಂಧಾರವೂ ಅದೇ. ಎಂದಮೇಲೆ ಮೆರವಣಿಗೆಯ ಟ್ಯೂಬಾಕ್ಕೂ ಬೈಠಕಿನ ತಂಬೂರಿಗೂ ಒಳಗೊಳಗೆ ಬಳಗವಿದೆ ಎಂದರೆ ತಪ್ಪಾಗಲಾರದು.

ಉಳಿದ ಸ್ವರಗಳ ಸಲುವಾಗಿ ಕೀಲಿಗಳು ಬೇಕು. ಕೀಲಿಯನ್ನು ಒತ್ತಿದರೆ ಗಾಳಿಯು ಒಂದು ಹೆಚ್ಚಿನ ಕೊಳವೆಯನ್ನು ಸುತ್ತಿ ಬರುತ್ತದೆ. ದಾರಿ ಉದ್ದವಾದಷ್ಟು ಸ್ವರವು ಇಳಿಯುತ್ತದೆ. ನಮ್ಮ ಟ್ಯೂಬಾದ ಕೊಳವೆಯ ಉದ್ದ ಸುಮಾರು 4 ಮೀಟರ್, ಅಂದರೆ 400 ಸೆಂಟಿಮೀಟರ್. ಎರಡನೆಯ ಕೀಲಿ ಸ್ವರವನ್ನು ಅರ್ಧ ಮೆಟ್ಟಲು ಇಳಿಸಬೇಕು. ಅದಕ್ಕೆ 24 ಸೆಂಟಿಮೀಟರ್ ಬೇಕು. ಮೊದಲನೆಯದು ಒಂದು ಮೆಟ್ಟಲು; ಅದಕ್ಕೆ 49. ಮೂರನೆಯದು ಒಂದೂವರೆ ಮೆಟ್ಟಲು, ಅದಕ್ಕೆ 76. ಒಂದೊಂದನ್ನೇ ಒತ್ತಿದಾಗ ಯಾವ ತಕರಾರೂ ಇಲ್ಲ. ಎರಡು ಮೂರನ್ನು ಕೂಡಿಸಿ ಒತ್ತಿದಾಗಲೇ ಜಗಳ ಪ್ರಾರಂಭವಾಗುವದು.

ಇದನ್ನು ತಿಳಿಯಲು ವಿಜ್ಞಾನದ ಪದವಿ ಬೇಡ. ಸಾಲ ಮಾಡಿದ ಅನುಭವ ಸಾಕು. ಸ್ವರವು ಕೊಳವೆಯ ಉದ್ದಕ್ಕೆ ಪ್ರಮಾಣವಾಗಿ ನಡೆಯುತ್ತದೆ. ಅರ್ಧ ಮೆಟ್ಟಲು ಇಳಿಯಬೇಕಾದರೆ ನೂರಕ್ಕೆ ಸುಮಾರು ಆರರಂತೆ ಉದ್ದ ಹೆಚ್ಚಬೇಕು. ಆದರೆ ಯಾವ ಉದ್ದದ ಮೇಲೆ? ಆಗಲೇ ಬೇರೊಂದು ಕೀಲಿಯನ್ನು ಒತ್ತಿ ಕೊಳವೆಯನ್ನು ಉದ್ದ ಮಾಡಿದ್ದರೆ, ಆ ಬೆಳೆದ ಉದ್ದದ ಮೇಲೆ ನೂರಕ್ಕೆ ಆರು ಬೇಕು. ಕೀಲಿಯಾದರೋ ಮೂಲದ 400ರ ಮೇಲಿನ ಆರನ್ನೇ ಕೊಡುತ್ತದೆ. ಸ್ವರವು ಚಕ್ರಬಡ್ಡಿಯನ್ನು ಕೇಳುತ್ತದೆ. ಕೀಲಿಯು ಸರಳಬಡ್ಡಿಯನ್ನು ಎಣಿಸಿಕೊಟ್ಟು ಕೈ ಝಾಡಿಸಿಕೊಳ್ಳುತ್ತದೆ.

ಆದ್ದರಿಂದ ಮೂರು ಕೀಲಿಗಳ ಹಳೆಯ ಟ್ಯೂಬಾದಲ್ಲಿ ಶುದ್ಧ ರಿಷಭಕ್ಕಾಗಿ ಒಂದು ಮತ್ತು ಮೂರನ್ನು ಕೂಡಿಸಿ ಒತ್ತಿದರೆ 134 ಸೆಂಟಿಮೀಟರ್ ಬೇಕಾದಲ್ಲಿ 125 ಮಾತ್ರ ದೊರೆಯುತ್ತದೆ. ಕೋಮಲ ರಿಷಭಕ್ಕಾಗಿ ಮೂರನ್ನೂ ಒತ್ತಿದರೆ 166 ಬೇಕಾದಲ್ಲಿ 149 ಮಾತ್ರ. ಹದಿನೇಳು ಸೆಂಟಿಮೀಟರಿನ ಖೋತಾ! ಸ್ವರವು ಅರ್ಧಸ್ವರದ ಅರ್ಧಕ್ಕಿಂತ ತುಸು ಹೆಚ್ಚೇ ಮೇಲೇರುತ್ತದೆ. ಭಜನೆಯ ಹಿರಿಯರ ಕಿವಿ ಎಳ್ಳಷ್ಟೂ ತಪ್ಪಿರಲಿಲ್ಲ. ಅವರು ಗೋಡೆ ಎಂದು ಕಂಡದ್ದು ಈ ಹದಿನೇಳು ಸೆಂಟಿಮೀಟರನ್ನೇ.

ಇದಕ್ಕೆ ಉಪಾಯ ಹುಡುಕಿದವನು ಲಂಡನ್ನಿನ ಬೂಸಿ ಕಂಪನಿಯಲ್ಲಿದ್ದ ಡೇವಿಡ್ ಬ್ಲೇಕ್ಲಿ. 1874ರಲ್ಲಿ ಆತ ತನ್ನ ಯುಕ್ತಿಗೆ ಪೇಟೆಂಟ್ ಪಡೆದ. ಅದೇ ತತ್ವದ ಮೇಲೆ ಮಾಡಿದ ನಮ್ಮ ಹೊಸ ವಾದ್ಯದಲ್ಲಿ ನಾಲ್ಕನೆಯ ಕೀಲಿಯೊಂದಿದೆ. ಅದರ ಕೊಳವೆಯೊಂದೇ ಪೂರಾ 134 ಸೆಂಟಿಮೀಟರ್; ಆದ್ದರಿಂದ ಶುದ್ಧ ರಿಷಭಕ್ಕೆ ಅದೊಂದೇ ಸಾಕು. ಕೋಮಲ ರಿಷಭಕ್ಕೆ ಎರಡು ಮತ್ತು ನಾಲ್ಕನ್ನು ಒತ್ತಬೇಕು. ಸಾಮಾನ್ಯ ವಾದ್ಯದಲ್ಲಾದರೆ ಇವೆರಡೂ ಸೇರಿ 158 ಆಗಿ, ಮತ್ತೆ 8 ಸೆಂಟಿಮೀಟರ್ ಕಡಿಮೆ ಬೀಳುತ್ತಿತ್ತು. ಇಲ್ಲಿ ಹಾಗಲ್ಲ. ನಾಲ್ಕನೆಯ ಕೀಲಿಯನ್ನು ಒತ್ತಿದ ಕೂಡಲೆ ಗಾಳಿಯು ಅದರ ಕೊಳವೆಯನ್ನು ಸುತ್ತಿ, ಮುಂದೆ ಹೋಗದೆ, ಇನ್ನೊಮ್ಮೆ ಮೊದಲಿನ ಮೂರು ಕೀಲಿಗಳೊಳಗೆ ಹಾಯ್ದು ಬರುತ್ತದೆ. ಆ ಎರಡನೆಯ ಸಲದ ದಾರಿಯಲ್ಲಿ ಪ್ರತಿಯೊಂದು ಕೀಲಿಗೂ ಹಿಂಬದಿಗೆ ಒಂದೊಂದು ಗಿಡ್ಡ ಕೊಳವೆಯನ್ನು ಜೋಡಿಸಿದ್ದಾರೆ. ಎರಡನೆಯ ಕೀಲಿಯ ಗಿಡ್ಡ ಕೊಳವೆಯ ಉದ್ದ ಸರಿಯಾಗಿ ಆ ಎಂಟು ಸೆಂಟಿಮೀಟರ್. ಬಡ್ಡಿಯ ಮೇಲಿನ ಬಡ್ಡಿ ಹೀಗೆ ಸಂದಾಯವಾಗುತ್ತದೆ.

ಈ ಎಲ್ಲವೂ ನನಗೆ ಮೊದಲೇ ತಿಳಿದಿತ್ತೆಂದು ಯಾರೂ ಭಾವಿಸಬಾರದು. ವಾದ್ಯವನ್ನು ತಂದ ಮೊದಲ ವಾರ ನಾನು ಕಂಡದ್ದು ಬರೀ ನಿರಾಶೆ. ಆಷಾಢದ ದಿನಗಳು. ಮದುವೆಗಳಿಲ್ಲ, ವೇದಗಂಗೆ ತುಂಬಿ ಸಿದ್ನಾಳದ ಕಡೆಯ ಸೇತುವೆ ನೀರಿನಲ್ಲಿ ಮುಳುಗಿತ್ತು. ಪಡಸಾಲೆಯಲ್ಲಿ ಕುಳಿತು ಮುಂಜಾನೆ, ಸಂಜೆ ಊದಿದೆ. ಕೋಮಲ ರಿಷಭ ಮತ್ತೆ ಗೋಡೆ ಏರಿತು! ಹಳೆಯ ವಾದ್ಯದಲ್ಲಿ ಹೇಗೋ ಹಾಗೆಯೇ. ಮೇಲಾಗಿ ಇದರ ಭಾರ ಹೆಚ್ಚು. ಊದಲು ದಮ್ಮೂ ಹೆಚ್ಚು ಬೇಕು. ಡೀಜೆಯ ಪಕ್ಷದವರು ಹೊಸ್ತಿಲಲ್ಲಿ ನಿಂತು ಕೇಳಿ, ಏನೂ ಹೇಳದೆ ಹೋದರು. ಅವರು ಏನಾದರೂ ಹೇಳಿದ್ದರೆ ಚೆನ್ನಾಗಿತ್ತು. ಕಾಕಾ ರಾತ್ರಿ ಊಟಕ್ಕೆ ಕುಳಿತಾಗ, “ಎತ್ತು ತಂದಿದ್ರ ಹೊಲಾನಾದರೂ ಊಳತಿದ್ವು” ಎಂದಷ್ಟೇ ಅಂದ.

ನೀರು ಇಳಿದ ಮೇಲೆ ವಾದ್ಯವನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಹಾಕಿಕೊಂಡು ಬೆಳಗಾವಿಗೆ ಹೋದೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಬಹುಕಾಲದಿಂದ ಅಲ್ಲಿರುವದರಿಂದ, ಸೈನ್ಯದ ಬ್ಯಾಂಡಿನಲ್ಲಿ ದುಡಿದು ನಿವೃತ್ತರಾದವರು ಆ ಊರಲ್ಲಿ ಸಿಗುತ್ತಾರೆ. ಅಂಥ ಹಿರಿಯರೊಬ್ಬರ ಮುಂದೆ ಕುಳಿತು ಊದಿ ತೋರಿಸಿದೆ. ಅವರು ನನ್ನ ತುಟಿಯನ್ನು ನೋಡಲಿಲ್ಲ, ಬೆರಳುಗಳನ್ನು ನೋಡಿದರು. ನಾನು ಹಳೆಯ ರೂಢಿಯಂತೆ ಬಲಗೈಯ ಮೂರು ಕೀಲಿಗಳನ್ನೇ ಒತ್ತುತ್ತಿದ್ದೆ. ನಾಲ್ಕನೆಯದು ವಾದ್ಯದ ಪಕ್ಕದಲ್ಲಿ, ಎಡಗೈಗೆ ಸಿಗುವಂತೆ ಇದೆ. ಅದನ್ನು ನಾನು ಮುಟ್ಟಿಯೇ ಇರಲಿಲ್ಲ.

“ಇದೇನ ಅಲಂಕಾರಕ್ಕ ಐತೇನೋ ತಮ್ಮಾ?” ಎಂದು ಅವರು ನಕ್ಕರು. “ಒಳಗ ಎಲ್ಲಾ ಸರಿಮಾಡೂ ವ್ಯವಸ್ಥಾ ಐತಿ. ಆದರ ಇದನ್ನ ಒತ್ತದ ಹೊರತು ಅದು ಏಳೂದಿಲ್ಲ.”

ಒತ್ತಿದೆ. ಎರಡು ಮತ್ತು ನಾಲ್ಕು. ಕೋಮಲ ರಿಷಭ ಷಡ್ಜದ ಮಗ್ಗುಲಿಗೆ ಬಂದು ಮೆಲ್ಲಗೆ ಕುಳಿತುಕೊಂಡಿತು. ಅವರು ಮತ್ತೂ ಕೆಲವು ಮಾತು ಹೇಳಿದರು. ಹಿಂಬದಿಯ ಗಿಡ್ಡ ಕೊಳವೆಗಳಲ್ಲಿ ಉಸಿರಿನ ನೀರು ನಿಲ್ಲುತ್ತದೆ. ಬಾರಿಸಿದ ಮೇಲೆ ಅದನ್ನು ತೆಗೆಯದಿದ್ದರೆ ಒಳಗೆ ಹಸಿರು ಕಟ್ಟುವದು. ಕೀಲಿಗಳಿಗೆ ತೆಳುವಾದ ಎಣ್ಣೆಯನ್ನು ತಪ್ಪದೆ ಬಿಡಬೇಕು. ಕೆಳಗಿನ ಸ್ವರಗಳಿಗೆ ಗಾಳಿ ಎರಡು ಸಲ ಸುತ್ತುವದರಿಂದ ಅವು ಬಿಗಿಯಾಗಿರುತ್ತವೆ. ಅಲ್ಲಿ ಬಲ ಹಾಕಬಾರದು, ಉಸಿರನ್ನು ಅಗಲ ಮಾಡಬೇಕು. ಕಡೆಗೆ, ಯಂತ್ರವು ಎಲ್ಲವನ್ನೂ ತಿದ್ದುವದಿಲ್ಲ. ಒಂದು ಮತ್ತು ಎರಡನ್ನು ಕೂಡಿಸಿದಾಗ ಸಣ್ಣ ಏರು ಉಳಿದೇ ಉಳಿಯುತ್ತದೆ, ಅದನ್ನು ತುಟಿಯೇ ತಿದ್ದಬೇಕು. ಇಷ್ಟು ಕಲಿಸಿ ಅವರು ನನ್ನಿಂದ ಒಂದು ಕಪ್ಪು ಚಹಾದ ಹೊರತು ಏನನ್ನೂ ತೆಗೆದುಕೊಳ್ಳಲಿಲ್ಲ.

ಮರಳಿ ಬರುವಾಗ ಬಸ್ಸಿನಲ್ಲಿ ನನಗೆ ಸಂತೋಷದ ಜೊತೆಗೆ ಒಂದು ಸಿಟ್ಟೂ ಇತ್ತು. ನಿಜವಾಗಿ ನಾನು ಬರೆಯಬೇಕೆಂದಿರುವದು ಆ ಸಿಟ್ಟಿನ ವಿಷಯವನ್ನೇ.

ಸ್ವರವು ಸ್ಥಾನ ತಪ್ಪುವ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದಲ್ಲ. ಕಾಗವಾಡವನ್ನು ದಾಟಿದರೆ ಮಿರಜ, ಅದರಾಚೆ ಸಾಂಗ್ಲಿ. ಖಾನ್‌ಸಾಹೇಬ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜದಲ್ಲಿ. ಅಲ್ಲಿಯ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಲಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರರು ಹಾರ್ಮೋನಿಯಮ್ಮಿನ ಹನ್ನೆರಡು ಸ್ವರಗಳು ನಮ್ಮ ರಾಗಗಳಿಗೆ ಸಾಲವೆಂದು ಕಂಡು, 22 ಶ್ರುತಿಗಳ ಮೇಲೆ 1910ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಶ್ರುತಿಗಳುಳ್ಳ ಹಾರ್ಮೋನಿಯಮ್ಮನ್ನೇ ಮಾಡಿಸಿದರು. ಅವರ ಪ್ರಯೋಗಗಳಲ್ಲಿ ಖಾನ್‌ಸಾಹೇಬರ ಕಂಠದ ನೆರವಿತ್ತು. ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿ ಅವರ ಸಂಗಡಿಗನಾದ. ಮುಂದೆ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಮ್ಮಿಗೆ ಬಾಗಿಲನ್ನೇ ಮುಚ್ಚಿತ್ತು. ಹಾರ್ಮೋನಿಯಮ್ಮಿನ ಒಂದು ಸ್ವರ ತುಸು ಜರುಗಿದ್ದಕ್ಕೆ ಪಂಡಿತರು, ಅಧಿಕಾರಿಗಳು, ರೇಡಿಯೋ ಎಲ್ಲರೂ ಕೂಡಿ ಅರ್ಧ ಶತಮಾನ ಚರ್ಚೆ ಮಾಡಿದರು. ಇದು ಹೆಮ್ಮೆಯ ಸಂಗತಿಯೇ. ಆ ಚರ್ಚೆಯನ್ನು ನಾನು ಹಗುರಾಗಿ ಕಾಣುವದಿಲ್ಲ.

ಆದರೆ ಬ್ಯಾಂಡಿನವನ ಸ್ವರ ಅರ್ಧಸ್ವರದ ಅರ್ಧದಷ್ಟು ಜರುಗಿದಾಗ ನಾವು ಏನು ಮಾಡಿದೆವು? ನಕ್ಕೆವು. ‘ಬಾಜಾದವರು ಬಾರಿಸುವದೇ ಹಾಗೆ’ ಎಂದೆವು. ಹಾರ್ಮೋನಿಯಮ್ಮಿನ ತಪ್ಪು ವಾದ್ಯದ ತಪ್ಪಾಯಿತು. ಟ್ಯೂಬಾದ ತಪ್ಪು ಮನುಷ್ಯನ ತಪ್ಪಾಯಿತು. ಬ್ಲೇಕ್ಲಿಯು ಉಪಾಯ ಹುಡುಕಿ ಒಂದೂವರೆ ಶತಮಾನ ಸಂದಿದೆ. ಆ ಉಪಾಯ ಅಕ್ಕೋಳದ ಪಡಸಾಲೆಗೆ ಬಂದು ಕುಳಿತ ಮೇಲೆಯೂ, ಅದನ್ನು ಹೇಗೆ ಒತ್ತಬೇಕೆಂದು ಹೇಳಿಕೊಡುವವರು ನಮಗೆ ಸುತ್ತಮುತ್ತ ಇರಲಿಲ್ಲ. ನನ್ನ ಅಜ್ಜ ಜೀವಮಾನವೆಲ್ಲ ಮೂರು ಕೀಲಿಗಳಲ್ಲಿ ರಿಷಭವನ್ನು ತುಟಿಯಿಂದಲೇ ಎಳೆದು ಎಳೆದು ಇಳಿಸುತ್ತಿದ್ದನಂತೆ. ಮುಪ್ಪಿನಲ್ಲಿ ಆತನ ತುಟಿಯ ಒಂದು ಪಕ್ಕ ಸೋತುಹೋಗಿತ್ತು. ಆತನಿಗೆ ಶ್ರುತಿಜ್ಞಾನ ಇರಲಿಲ್ಲವೆಂದು ಯಾರು ಹೇಳಬಲ್ಲರು? ಶ್ರುತಿಜ್ಞಾನ ಇದ್ದುದರಿಂದಲೇ ತುಟಿ ಸೋತಿತು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬ್ಯಾಂಡು ಅಳಿಯುತ್ತಿರುವದು ಡೀಜೆಯೊಂದರಿಂದಲೇ ಅಲ್ಲ. ಡೀಜೆಗೆ ನಾನೂ ಕುಣಿದಿದ್ದೇನೆ. ಅದನ್ನು ಬೈದು ಪುಣ್ಯ ಕಟ್ಟಿಕೊಳ್ಳುವ ಇಚ್ಛೆ ನನಗಿಲ್ಲ. ಬ್ಯಾಂಡನ್ನು ನಾವು ಎಂದೂ ಸಂಗೀತವೆಂದು ಎಣಿಸದೆ, ಬರೀ ಸದ್ದೆಂದು ಎಣಿಸಿದ್ದರಿಂದ ಅದು ಅಳಿಯುತ್ತಿದೆ. ಸದ್ದೇ ಬೇಕಾದರೆ ಹತ್ತು ಪೆಟ್ಟಿಗೆಗಳ ಮುಂದೆ ಹನ್ನೆರಡು ಜನರ ಉಸಿರು ಗೆಲ್ಲುವದು ಸಾಧ್ಯವೇ ಇಲ್ಲ. ಬ್ಯಾಂಡು ಉಳಿಯಬೇಕಾದರೆ ಅದು ಸ್ವರದಿಂದ ಉಳಿಯಬೇಕು. ಸ್ವರ ಸರಿಯಾಗಬೇಕಾದರೆ ಬಾರಿಸುವವನಿಗೆ ವಿದ್ಯೆ ದೊರೆಯಬೇಕು. ವಿದ್ಯೆ ದೊರೆಯಬೇಕಾದರೆ ಮೊದಲು ಆತನನ್ನು ಮನುಷ್ಯನೆಂದು ಒಳಗೆ ಕರೆಯಬೇಕು. ಚಪ್ಪರದ ಹೊರಗೆ ನಿಲ್ಲಿಸಿ, ಪಂಕ್ತಿಯೆಲ್ಲ ಎದ್ದ ಮೇಲೆ ಎಲೆ ಹಾಕಿದರೆ ಯಾವ ತರುಣ ಈ ವಾದ್ಯವನ್ನು ಹಿಡಿದಾನು? ನಮ್ಮ ಬ್ಯಾಂಡಿನ ಹುಡುಗರು ಡೀಜೆಯ ಪೆಟ್ಟಿಗೆಯನ್ನು ಬಯಸುವದು ಹಣಕ್ಕಾಗಿ ಮಾತ್ರವಲ್ಲ. ಪೆಟ್ಟಿಗೆಯ ಯಜಮಾನನಿಗೆ ‘ಸೌಂಡಿನ ಸಾಹುಕಾರ’ ಎನ್ನುತ್ತಾರೆ. ನಮಗೆ ‘ಏ ಬಾಜಾ’ ಎನ್ನುತ್ತಾರೆ.

ಬ್ಯಾಂಡು ಪರದೇಶದ್ದು, ಅದಕ್ಕೇಕೆ ಇಷ್ಟು ಮರ್ಯಾದೆ ಎಂದು ಯಾರಾದರೂ ಕೇಳಬಹುದು. ಹಾರ್ಮೋನಿಯಮ್ಮೂ ಪಿಟೀಲೂ ಪರದೇಶದಿಂದಲೇ ಬಂದವು. ಅಭಂಗ, ಲಾವಣಿ, ಲಗ್ನದ ಹಾಡುಗಳನ್ನು ಮೂರು ತಲೆಮಾರು ಬಾರಿಸಿದ ಮೇಲೆಯೂ ಒಂದು ವಾದ್ಯ ಪರಕೀಯವಾಗಿಯೇ ಉಳಿಯುವದಾದರೆ, ತಂಬಾಕೂ ಮೆಣಸಿನಕಾಯಿಯೂ ನಮ್ಮ ಸೀಮೆಗೆ ಪರಕೀಯವೇ ಸರಿ!

ಗುರುವರ್ಯರಲ್ಲಿ ಮತ್ತು ಮಿತ್ರರಲ್ಲಿ ನನ್ನದೊಂದು ಸಣ್ಣ ವಿನಂತಿ. ನಮ್ಮ ಕಾಲೇಜಿನ ಸ್ನೇಹ ಸಮ್ಮೇಳನಕ್ಕೆ ಪ್ರತಿ ವರ್ಷ ಬ್ಯಾಂಡಿನವರು ಬರುತ್ತಾರೆ. ಅತಿಥಿಗಳನ್ನು ಗೇಟಿನಿಂದ ವೇದಿಕೆಯವರೆಗೆ ಕರೆತಂದು ಬಿಡುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಬರುವ ವರ್ಷ ಅವರನ್ನು ವೇದಿಕೆಯ ಮೇಲೆ ಕುಳ್ಳಿರಿಸಿ, ಅರ್ಧ ತಾಸು ಸುಮ್ಮನೆ ಕೇಳೋಣ. ಭೈರವಿಯನ್ನೇ ಬಾರಿಸಲಿ. ತಪ್ಪಿದಲ್ಲಿ ಸಂಗೀತ ಬಲ್ಲವರು ತಪ್ಪೆಂದು ಹೇಳಲಿ, ಸರಿಯಾದಲ್ಲಿ ತಲೆದೂಗಲಿ. ಆ ಬಳಿಕ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡೋಣ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಈ ಲಗ್ನಸರಾಯಿಯಲ್ಲಿ ನಮ್ಮ ಬ್ಯಾಂಡಿಗೆ ಸುಪಾರಿಗಳು ಹೆಚ್ಚೇನೂ ಬರಲಿಲ್ಲ. ಕಾಕಾ ಇನ್ನೂ ಎತ್ತಿನ ಮಾತನ್ನು ಪೂರಾ ಮರೆತಿಲ್ಲ. ಆದರೆ ಮೊನ್ನೆ ಒಂದು ಮದುವೆಯಲ್ಲಿ ಅದೇ ಭಜನೆಯ ಹಿರಿಯರು ಬಂದಿದ್ದರು. ಅಭಂಗ ಮುಗಿಯುವವರೆಗೆ ಕಣ್ಣು ಮುಚ್ಚಿ ನಿಂತಿದ್ದರು. ಬಾಯಿಬಿಟ್ಟು ಏನೂ ಹೇಳದೆ ಹೊರಟುಹೋದರು. ಕಾಕಾ ಅವರ ಬೆನ್ನನ್ನು ನೋಡಿ, ಆಮೇಲೆ ನನ್ನ ಎಡಗೈಯನ್ನು ನೋಡಿದ.

ಆ ದಿನ ಎದುರಿಗೆ ನಮ್ಮ ಕಾಲೇಜಿನ ಇಬ್ಬರು ಮಿತ್ರರೂ ಇದ್ದರು. ನಾನು ಮುಖ ಮರೆಮಾಡಲಿಲ್ಲ.